ಮೋರಿ ಕಟ್ಕೊಂಡ್ರೆ ಮೊದ್ಲು ಚೇಂಬರ್ ಮುಚ್ಚಳ ಎತ್ತಿ: ನನ್ನ ಅನುಭವ, ಖರ್ಚಿನ ಲೆಕ್ಕ ಸಮೇತ

ಸಿಂಕಲ್ಲಿ ನೀರು ನಿಂತ ತಕ್ಷಣ ನಮ್ಮ ಜನ ಮಾಡೋ ಮೊದಲ ಕೆಲಸ ಅಂದ್ರೆ ಅಂಗಡಿಗೆ ಹೋಗಿ ಒಂದು ಪೌಡರ್ ಪ್ಯಾಕೆಟ್ ತಂದು ಸುರಿಯೋದು, ಅದ್ರಲ್ಲಿ ಆಗ್ಲಿಲ್ಲ ಅಂದ್ರೆ ಇನ್ನೊಂದು, ಅದೂ ಆಗ್ಲಿಲ್ಲ ಅಂದ್ರೆ ಪ್ಲಂಬರ್‌ಗೆ ಫೋನು. ನಾನು ಹೇಳೋದು ಏನಂದ್ರೆ ಪೌಡರ್‌ಗೂ ಮುಂಚೆ, ಪ್ಲಂಬರ್‌ಗೂ ಮುಂಚೆ ಮನೆ ಪಕ್ಕದ ಸಂದಿಗೆ ಹೋಗಿ ಚೇಂಬರ್, ಅಂದ್ರೆ ಮನೆಯ ಕೊಳೆನೀರಿನ ಪೈಪುಗಳು ಬಂದು ಸೇರೋ ಗುಂಡಿಯ ಮುಚ್ಚಳ ಎತ್ತಿ ನೋಡಿ. 30 ರೂಪಾಯಿ ಕೆಲಸಾನೋ, 3000 ರೂಪಾಯಿ ಕೆಲಸಾನೋ, ಇಲ್ಲಾ ಜಲಮಂಡಳಿಯವರೇ ಬಂದು ಮಾಡ್ಬೇಕಾದ ಕೆಲಸಾನೋ ಅನ್ನೋದು ಗೊತ್ತಾಗೋದು ಆ ಗುಂಡೀಲೇ.

ನಮ್ದು ಬೆಂಗಳೂರಲ್ಲಿ 30-40 ಸೈಟು, ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆ, ಕೆಳಗೆ ನಾವು, ಮೇಲೆ ಬಾಡಿಗೆಯವರು. ಅಡುಗೆಮನೆ, ಬಚ್ಚಲು, ಟಾಯ್ಲೆಟ್ಟು ಎಲ್ಲ ಒಂದೇ ಪಕ್ಕಕ್ಕಿದೆ, ಆ ಪಕ್ಕದ ಮೂರಡಿ ಸಂದೀಲಿ ಹಿಂದಿನಿಂದ ಗೇಟಿನವರೆಗೂ ಸಾಲಾಗಿ ಚೇಂಬರ್‌ಗಳು, ಗೇಟ್ ದಾಟಿದ್ರೆ ರಸ್ತೇಲಿ ಮ್ಯಾನ್‌ಹೋಲು. ಗೋಡೆಗೆ ಅಂಟ್ಕೊಂಡಿರೋ ಪೈಪೆಲ್ಲ ಪಿವಿಸಿ, ನೆಲದಡಿ ಹೋಗೋದು ಮಾತ್ರ ಹಳೇ ಸ್ಟೋನ್‌ವೇರ್ ಪೈಪು, ಅಂದ್ರೆ ಸುಟ್ಟ ಜೇಡಿಮಣ್ಣಿಂದು. ಸಿಂಕು ಮತ್ತೆ ಬಚ್ಚಲ ನೀರು ಮೊದ್ಲು ಗಲ್ಲಿ ಟ್ರ್ಯಾಪ್‌ಗೆ (ಮನೆ ಹೊರಗೆ ಗೋಡೆ ಬುಡದಲ್ಲಿರೋ ಸಣ್ಣ ಗುಂಡಿ) ಬಿದ್ದು ಅಲ್ಲಿಂದ ಚೇಂಬರ್‌ಗೆ ಹೋಗುತ್ತೆ, ಟಾಯ್ಲೆಟ್ ಲೈನು ನೇರ ಚೇಂಬರ್‌ಗೆ. ಹೆಚ್ಚುಕಮ್ಮಿ ಎಲ್ಲ ಮನೇಲೂ ಇದೇ ತರ ಇರುತ್ತೆ. ನಿಮ್ಮನೇಲಿ ಯಾವ ನೀರು ಯಾವ ಚೇಂಬರ್‌ಗೆ ಬರುತ್ತೆ ಅಂತ ಗೊತ್ತಿಲ್ದಿದ್ರೆ ಒಂದು ಬಕೆಟ್ ನೀರಿಗೆ ಅರಿಶಿನ ಕಲ್ಸಿ ಒಳಗಿಂದ ಯಾರಾದ್ರೂ ಸುರೀಲಿ, ನೀವು ಹೊರಗೆ ನಿಂತು ನೋಡಿ, ಹಳದಿ ನೀರು ಎಲ್ಲಿ ಬರುತ್ತೋ ಅದೇ.

ಮುಚ್ಚಳ ಎತ್ತೋಕೆ ಒಂದು ಹಾರೆ ಬೇಕು, ಇನ್ನೊಬ್ರು ಜೊತೇಲಿರ್ಬೇಕು, ಸಿಮೆಂಟ್ ಮುಚ್ಚಳ ಕಾಲ್ಮೇಲೆ ಬಿದ್ರೆ ಬೆರಳು ಹೋಯ್ತು ಅಂತಾನೇ ಲೆಕ್ಕ. ಎತ್ತಿದ ತಕ್ಷಣ ಬಗ್ಗಿ ನೋಡ್ಬೇಡಿ, ಒಂದೈದು ಹತ್ತು ನಿಮಿಷ ಗಾಳಿ ಆಡ್ಲಿ, ಪಕ್ಕದಲ್ಲಿ ಬೀಡಿ ಸಿಗರೇಟು ಬೇಡ, ಮಕ್ಳು ಹತ್ರ ಬರೋದು ಬೇಡ.

ಈಗ ನೋಡಿ. ಎಲ್ಲಾ ಚೇಂಬರ್ ಖಾಲಿ ಇದೆ, ಒಳಗೆ ಸಿಂಕ್ ಮಾತ್ರ ತುಂಬಿದೆ ಅಂದ್ರೆ ಬ್ಲಾಕ್ ಆಗಿರೋದು ಮನೆ ಒಳಗಿನ ಪೈಪಲ್ಲಿ, ಅದು ಸಣ್ಣ ಕೆಲಸ. ಗಲ್ಲಿ ಟ್ರ್ಯಾಪ್ ತುಂಬಿ ತುಳುಕ್ತಿದೆ, ಅದ್ರ ಮುಂದಿನ ಚೇಂಬರ್ ಒಣಗಿದೆ ಅಂದ್ರೆ ಗಲ್ಲಿ ಟ್ರ್ಯಾಪೇ ಕಟ್ಕೊಂಡಿದೆ, ಗ್ಲೌಸ್ ಹಾಕ್ಕೊಂಡು ಹಳೇ ಸೌಟಲ್ಲಿ ಮೊಗೆದು ತೆಗೆದ್ರೆ ಮುಗೀತು, ನಮ್ಮನೇಲಿ ಅತೀ ಹೆಚ್ಚು ಸಲ ಆಗೋದು ಇದೇ. ಮೊದಲ ಚೇಂಬರ್ ತುಂಬಿದೆ, ಎರಡನೇದು ಖಾಲಿ ಅಂದ್ರೆ ಅವೆರಡ್ರ ಮಧ್ಯದ ಪೈಪು. ಎಲ್ಲಾ ಚೇಂಬರ್ ತುಂಬಿವೆ ಅಂದ್ರೆ ಗೇಟಿಂದ ಆಚೆ ತೊಂದ್ರೆ, ಆಗ ರಸ್ತೆ ಮ್ಯಾನ್‌ಹೋಲ್ ಉಕ್ಕಿ ಹರೀತಿದ್ಯಾ, ಪಕ್ಕದ ಮನೆಯವ್ರಿಗೂ ಹೀಗೇ ಆಗಿದ್ಯಾ ಕೇಳಿ. ಆಗಿದೆ ಅಂದ್ರೆ ನೀವು ಒಳಗೆ ಎಷ್ಟು ಪೌಡರ್ ಸುರಿದ್ರೂ ದುಡ್ಡು ದಂಡ.

ಇನ್ನು ಅಡುಗೆಮನೆ ಸಿಂಕಿನ ಕಥೆ. ಕಟ್ಕೊಳ್ಳೋದು ಅನ್ನದ ಅಗುಳಿಂದ ಅಂತ ಎಲ್ರೂ ಅನ್ಕೊಂಡಿರ್ತಾರೆ, ಆದ್ರೆ ಮೂಲ ಕಾರಣ ಜಿಡ್ಡು. ತುಪ್ಪ, ಎಣ್ಣೆ, ಹಾಲಿನ ಕೆನೆ, ಡಾಲ್ಡಾ ಹಾಕಿದ ಸ್ವೀಟಿನ ಪಾತ್ರೆ ತೊಳೆದ ನೀರು, ಇವೆಲ್ಲ ಬಿಸಿ ಇದ್ದಾಗ ಸಲೀಸಾಗಿ ಇಳಿದು ಪೈಪಲ್ಲಿ ತಣ್ಣಗಾದ ಮೇಲೆ ಗೋಡೆಗೆ ಮೇಣದ ತರ ಅಂಟ್ಕೊಳ್ಳುತ್ತೆ, ಆಮೇಲೆ ಅದಕ್ಕೆ ಕಾಫಿ ಗಸಿ, ಟೀ ಸೊಪ್ಪು, ತೆಂಗಿನಕಾಯಿ ನಾರು, ಮುದ್ದೆ ಪಾತ್ರೆ ತಳದ ಹಿಟ್ಟು ಎಲ್ಲ ಬಂದು ಸೇರ್ಕೊಂಡು ದಾರಿ ಕಿರಿದಾಗ್ತಾ ಹೋಗುತ್ತೆ. ಚಳಿಗಾಲದಲ್ಲಿ, ಹಬ್ಬದ ಮಾರನೇ ದಿನ ಜಾಸ್ತಿ ಕಟ್ಕೊಳ್ಳೋದು ಇದಕ್ಕೇ.

ನಾನು ಮಾಡೋ ಕ್ರಮ ಹೀಗೆ. ಸಿಂಕ್ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ (ಸಿಂಕಿನ ಪೈಪಲ್ಲಿ ಬಾಟಲ್ ತರ ಕಾಣೋ ಭಾಗ) ಕೈಯಲ್ಲೇ ತಿರುಗಿಸಿ ಬಿಚ್ಚೋದು, ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ರೆ ಪ್ಲಾಸ್ಟಿಕ್ ಥ್ರೆಡ್ ಹೋಗುತ್ತೆ, ಹಾಗಾಗಿ ವಾಪಸ್ ಹಾಕೋವಾಗ್ಲೂ ಕೈಬಿಗಿ ಸಾಕು. ವಾಷರ್ ಯಾವ ಕಡೆ ಮುಖ ಮಾಡಿತ್ತು ಅಂತ ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗ್ದಿಟ್ಕೊಳ್ಳಿ, ಉಲ್ಟಾ ಕೂತ್ರೆ ಸೋರೋದು ನಿಲ್ಲಲ್ಲ. ಕೆಲವರ ಮನೇಲಿ ಬಾಟಲ್ ಟ್ರ್ಯಾಪ್ ಬದ್ಲು ಸುರುಳಿ ಸುರುಳಿ ಫ್ಲೆಕ್ಸಿಬಲ್ ವೇಸ್ಟ್ ಪೈಪ್ ಇರುತ್ತೆ, ಅದ್ರ ಮಡಿಕೇಲೆಲ್ಲ ಜಿಡ್ಡು ಕೂತಿರುತ್ತೆ, ಅದನ್ನ ತೊಳೆಯೋ ಬದ್ಲು ನೂರು ನೂರೈವತ್ತು ಕೊಟ್ಟು ಹೊಸದು ಹಾಕೋದೇ ವಾಸಿ. ಟ್ರ್ಯಾಪ್ ಕ್ಲೀನ್ ಇದೆ, ಆದ್ರೂ ನೀರು ಇಳೀತಿಲ್ಲ ಅಂದ್ರೆ ಗೋಡೆ ಒಳಗಿನ ಪೈಪು, ಆಗ ಪಂಪು ಇಲ್ಲಾ ಸ್ಪ್ರಿಂಗು.

ಪಂಪು ಅಂದ್ರೆ ರಬ್ಬರ್ ಬಟ್ಲು ಇರೋ ಪ್ಲಂಜರ್, ನೂರು ರೂಪಾಯಿ ಆಸುಪಾಸಲ್ಲಿ ಸಿಗುತ್ತೆ. ಇದ್ರಲ್ಲಿ ಏನೂ ಆಗಲ್ಲ ಅನ್ನೋರು ಸಾಮಾನ್ಯವಾಗಿ ಗಾಳಿ ಹೋಗೋ ಜಾಗ ಮುಚ್ಚಿರಲ್ಲ, ವಾಶ್ ಬೇಸಿನ್ನಲ್ಲಿ ಮೇಲೊಂದು ಸಣ್ಣ ತೂತು ಇರುತ್ತಲ್ಲ, ನೀರು ತುಂಬಿ ಹರಿದು ಹೋಗೋಕೆ ಅಂತ, ಅದಕ್ಕೆ ಒದ್ದೆ ಬಟ್ಟೆ ತುರುಕಿ, ಎರಡು ಸಿಂಕ್ ಒಂದೇ ಪೈಪಿಗೆ ಇದ್ರೆ ಇನ್ನೊಂದನ್ನೂ ಮುಚ್ಚಿ, ರಬ್ಬರ್ ಮುಳುಗೋಷ್ಟು ನೀರು ನಿಲ್ಸಿ, ಆಮೇಲೆ ಒತ್ತಿ. ಒತ್ತೋದಕ್ಕಿಂತ ಎಳೆಯೋದು ಮುಖ್ಯ, ಕಟ್ಕೊಂಡಿದ್ದು ಅಲುಗಾಡೋದು ಆಗ್ಲೇ.

ಸ್ಪ್ರಿಂಗ್ ಅಂದ್ರೆ ತುದೀಲಿ ಕೊಕ್ಕೆ ಇರೋ ಉದ್ದನೆ ತಂತಿ ಸುರುಳಿ, ಹಿಡಿಕೆ ತಿರುಗಿಸಿದ ಹಾಗೆ ಒಳಗೆ ಹೋಗುತ್ತೆ. ಐದು ಮೀಟರ್‌ದು ಮುನ್ನೂರರಿಂದ ಐನೂರರೊಳಗೆ ಬರುತ್ತೆ, ಮನೇಲಿ ಇಟ್ಕೊಳ್ಳೋ ವಸ್ತು. ತಳ್ಬೇಡಿ, ತಿರುಗಿಸ್ತಾ ಬಿಡಿ, ತಳ್ಳಿದ್ರೆ ಬೆಂಡಲ್ಲಿ ಮಡಚ್ಕೊಂಡು ಸಿಕ್ಕಾಕೊಳ್ಳುತ್ತೆ. ಇನ್ನೊಂದು ವಿಷಯ, ಸಿಂಕ್ ಕಡೆಯಿಂದ ಬಿಡೋದಕ್ಕಿಂತ ಹೊರಗೆ ಗಲ್ಲಿ ಟ್ರ್ಯಾಪ್‌ಗೆ ಬೀಳೋ ಪೈಪಿನ ಬಾಯಿಂದ ಮೇಲ್ಮುಖವಾಗಿ ಬಿಟ್ರೆ ಸುಲಭ, ಬೆಂಡ್ ಕಮ್ಮಿ ಸಿಗುತ್ತೆ, ಬಂದ ಕೊಳೆ ಹೊರಗೇ ಬೀಳುತ್ತೆ, ಅಡುಗೆಮನೆ ಗಬ್ಬೆದ್ದು ಹೆಂಡ್ತಿ ಕೈಲಿ ಬೈಸ್ಕೊಳ್ಳೋದೂ ತಪ್ಪುತ್ತೆ.

ಪೌಡರ್ ಬೇಡ್ವೇ ಬೇಡ ಅಂತ ನಾನು ಹೇಳಲ್ಲ. ಪ್ಯಾಕೆಟ್ಟಲ್ಲಿ ಬರೋ ಡ್ರೈನ್ ಕ್ಲೀನರ್‌ಗಳಲ್ಲಿ ಮುಖ್ಯವಾಗಿ ಇರೋದು ಕಾಸ್ಟಿಕ್ ಸೋಡಾ, ಅದು ನೀರಿಗೆ ಬಿದ್ರೆ ಬಿಸಿ ಹುಟ್ಟುತ್ತೆ, ಜಿಡ್ಡಿನ ಜೊತೆ ಸೇರಿ ಅದನ್ನ ಸೋಪು ಮಾಡಿ ಕರಗಿಸುತ್ತೆ, ಹಾಗಾಗಿ ನೀರು ನಿಧಾನಕ್ಕಾದ್ರೂ ಇಳೀತಿದೆ ಅನ್ನೋವಾಗ ರಾತ್ರಿ ಹಾಕಿದ್ರೆ ಕೆಲಸ ಮಾಡುತ್ತೆ. ಪೂರ್ತಿ ಕಟ್ಕೊಂಡು ನೀರು ನಿಂತೇ ಹೋಗಿದ್ರೆ ಹಾಕ್ಬೇಡಿ. ಅದು ಬ್ಲಾಕಿನ ತನಕ ತಲುಪೋದೇ ಇಲ್ಲ, ಮೇಲೆ ನಿಂತಿರೋ ನೀರೆಲ್ಲ ಕಾಸ್ಟಿಕ್ ನೀರಾಗುತ್ತೆ, ಆಮೇಲೆ ಪಂಪ್ ಹೊಡೆದ್ರೆ ಮುಖಕ್ಕೆ, ಕಣ್ಣಿಗೆ ಹಾರುತ್ತೆ. ಅಲ್ಯೂಮಿನಿಯಂ ಪಾತ್ರೆ ಹತ್ರ ಇಡಬೇಡಿ, ಅದನ್ನ ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತೆ. ಪೌಡರ್ ಹಾಕಿದ ಮೇಲೆ ಅದೇ ಪೈಪಿಗೆ ಆ್ಯಸಿಡ್ ಅಂತೂ ಬೇಡ್ವೇ ಬೇಡ, ಆ್ಯಸಿಡ್ಡೂ ಬ್ಲೀಚಿಂಗೂ ಸೇರಿದ್ರಂತೂ ಕ್ಲೋರಿನ್ ಗ್ಯಾಸ್, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಆ್ಯಸಿಡ್ ಚೇಂಬರಿನ ಸಿಮೆಂಟನ್ನೂ ತಿನ್ನುತ್ತೆ. ಪೌಡರ್ ಹಾಕಿದ್ಮೇಲೆ ಪ್ಲಂಬರ್ ಕರೆಸಿದ್ರೆ ಅವ್ರಿಗೆ ಮೊದ್ಲೇ ಹೇಳ್ಬಿಡಿ, ಪಾಪ ಬರಿಗೈ ಹಾಕ್ತಾರೆ.

ಅಡುಗೆ ಸೋಡಾ ಹಾಕಿ ವಿನೆಗರ್ ಸುರಿಯೋ ವಿಡಿಯೋ ವಾಟ್ಸಾಪಲ್ಲಿ ಎಲ್ರಿಗೂ ಬಂದಿರುತ್ತೆ. ನೊರೆ ಚೆನ್ನಾಗಿ ಬರುತ್ತೆ, ಅಷ್ಟೇ, ಒಂದು ಕ್ಷಾರ ಒಂದು ಆಮ್ಲ, ಎರಡೂ ಸೇರಿ ಒಂದರ ಶಕ್ತಿ ಇನ್ನೊಂದು ಕಳೆಯುತ್ತೆ, ಗಟ್ಟಿಯಾದ ತುಪ್ಪಕ್ಕೆ ಅದ್ರಿಂದ ಏನೂ ಆಗಲ್ಲ. ಅದ್ರ ಬದ್ಲು ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿ ಒಂದು ಬಕೆಟ್ ಬಿಸಿನೀರು ಒಂದೇ ಸಲಕ್ಕೆ ಸುರೀರಿ. ಕುದಿಯೋ ನೀರು ಬೇಡ, ಪಿವಿಸಿ ಪೈಪು ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತೆ, ಜಾಯಿಂಟ್ ಬಿಡುತ್ತೆ, ಸ್ನಾನದ ನೀರಿಗಿಂತ ಸ್ವಲ್ಪ ಬಿಸಿ ಇದ್ರೆ ಸಾಕು.

ಬಚ್ಚಲಲ್ಲಿ ಸಮಸ್ಯೆ ಬೇರೆ, ಅಲ್ಲಿ ಕೂದಲು. ಕೂದಲಿಗೆ ತಲೆಗೆ ಹಚ್ಚಿದ ಎಣ್ಣೆ, ಸೀಗೆಪುಡಿ, ಸೋಪು ಸೇರಿ ಜಡೆ ಕಟ್ಟಿರುತ್ತೆ. ಜಾಲಿ ತೆಗೆದ್ರೆ ಕೆಳಗೆ ನಹಾನಿ ಟ್ರ್ಯಾಪ್, ಅದ್ರೊಳಗಿನ ಬಟ್ಲು ಎತ್ತಿ, ಸೈಕಲ್ ಸ್ಪೋಕ್ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದ್ರೆ ಇಡೀ ಜಡೆ ಬರುತ್ತೆ. ಆ ಬಟ್ಲು ವಾಪಸ್ ಇಡೋದು ಮರೀಬೇಡಿ, ಅದ್ರಲ್ಲಿ ನಿಲ್ಲೋ ನೀರೇ ಮೋರಿ ವಾಸನೆ, ಜಿರಳೆ ಎರಡನ್ನೂ ತಡೆಯೋದು. ನೀರು ಜಾಸ್ತಿ ಹೋಗ್ಲಿ ಅಂತ ಅದನ್ನ ಎಸೆದುಬಿಟ್ಟು ಆಮೇಲೆ ವಾಸನೆ ವಾಸನೆ ಅಂತ ರೂಮ್ ಫ್ರೆಶ್ನರ್ ಹೊಡೆಯೋರನ್ನ ನಾನು ನೋಡಿದೀನಿ. ಬಳಸ್ದೇ ಇರೋ ಬಾತ್‌ರೂಮಿಗೆ ಆಗಾಗ ಒಂದು ಚೊಂಬು ನೀರು ಹಾಕ್ತಿರಿ, ಬೇಸಿಗೇಲಿ ಆ ನೀರು ಆರಿಹೋಗುತ್ತೆ.

ಇನ್ನು ದುಡ್ಡು ಹೋಗೋ ಕಡೆಗೆ ಬರೋಣ, ಹೊರಗಿನ ಲೈನು. ನಮ್ಮ ಗೇಟ್ ಪಕ್ಕ ಒಂದು ಹೊಂಗೆ ಮರ ಇದೆ. ಸ್ಟೋನ್‌ವೇರ್ ಪೈಪು ಎರಡಡಿ ತುಂಡುಗಳು, ಪ್ರತಿ ಜಾಯಿಂಟಿಗೂ ಸಿಮೆಂಟು, ಆ ಸಿಮೆಂಟ್ ಬಿರುಕು ಬಿಟ್ರೆ ಬೇರು ನೀರಿನ ಪಸೆ ಹುಡುಕ್ಕೊಂಡು ಒಳಗೆ ನುಗ್ಗಿ ಒಂದು ಪೊರಕೆಯಷ್ಟು ದಪ್ಪ ಬೆಳೆಯುತ್ತೆ. ಮೊದಲೆಲ್ಲ ಬಿದಿರು ದಬ್ಬೆ ಹಾಕಿ ತಳ್ತಿದ್ರು, ನಮ್ಮ ಪ್ಲಂಬರ್ ಈಗ್ಲೂ ತರ್ತಾನೆ, ನೇರ ಪೈಪಲ್ಲಿ ಬಟ್ಟೆ, ಪ್ಲಾಸ್ಟಿಕ್, ಪ್ಯಾಡ್ ಸಿಕ್ಕಿದ್ರೆ ದಬ್ಬೆ ಸಾಕು, ಐನೂರು ಆರುನೂರಕ್ಕೆ ಮುಗೀತು. ಬೇರಿಗೆ ಆಗಲ್ಲ. ದಬ್ಬೆ ತೂತು ಮಾಡುತ್ತೆ, ನೀರು ಹೋಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. "ಅಣ್ಣ, ಎಷ್ಟು ಸಲ ತಳ್ಳಿದ್ರೂ ಇಷ್ಟೇ, ಮಷೀನ್ ಹಾಕ್ಸಿ, ಇಲ್ಲಾ ಅಗೆದು ಪೈಪ್ ಬದಲಾಯ್ಸಿ" ಅಂದ ಅವನೇ.

ಕರೆಂಟ್ ಮಷೀನಿನ ಸ್ಪ್ರಿಂಗಿಗೆ ಬ್ಲೇಡ್ ಹಾಕಿ ಬೇರು ಕತ್ತರಿಸ್ತಾರೆ, ನಮ್ಮ ಕಡೆ ಒಂದೂವರೆಯಿಂದ ಮೂರು ಸಾವಿರ ಹೇಳ್ತಾರೆ. ನೀರನ್ನ ಪ್ರೆಶರಲ್ಲಿ ಬಿಡೋ ಜೆಟ್ಟಿಂಗ್ ಗಾಡಿ ಪ್ರೈವೇಟಾಗಿ ಕರೆಸಿದ್ರೆ ಇನ್ನೂ ಜಾಸ್ತಿ, ಮೂರು ನಾಲ್ಕು ಸಾವಿರ, ಜಿಡ್ಡಿಗೆ ಅದು ಬಹಳ ಒಳ್ಳೇದು, ಪೈಪಿನ ಗೋಡೆ ತೊಳೆದು ಬಿಡುತ್ತೆ, ಆದ್ರೆ ಒಡೆದ ಹಳೇ ಪೈಪಿಗೆ ಅಷ್ಟು ಪ್ರೆಶರ್ ಕೊಟ್ರೆ ಜಾಯಿಂಟ್ ಇನ್ನೂ ಹಾಳಾಗುತ್ತೆ. ನಾನು ಲೆಕ್ಕ ಹಾಕಿ ಕೊನೇ ಎರಡು ಚೇಂಬರ್ ಮಧ್ಯದ ತುಂಡನ್ನ ಅಗೆಸಿ ಪಿವಿಸಿ ಹಾಕಿಸ್ಬಿಟ್ಟೆ. ಪೈಪು, ಕೂಲಿ, ಮೇಲೆ ಮತ್ತೆ ಟೈಲ್ಸ್ ಕೂರ್ಸಿದ್ದು ಸೇರಿ ಹದಿನೈದು ಸಾವಿರದ ಹತ್ರ ಬಂತು, ದೊಡ್ಡ ಮೊತ್ತಾನೇ, ಆದ್ರೆ ವರ್ಷಾ ವರ್ಷ ಮಷೀನಿಗೆ ಕೊಡೋದು ತಪ್ತು. ಈ ಕೆಲಸ ಮಾಡ್ಸೋವಾಗ ಪಕ್ಕದಲ್ಲೇ ನಿಂತು ಇಳಿಜಾರು ನೋಡ್ಕೊಳ್ಳಿ: 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ, 6 ಇಂಚಿಗೆ 60 ಅಡಿಗೆ 1 ಅಡಿ ಅನ್ನೋದು ಹಳೇ ಲೆಕ್ಕ. ಮೇಸ್ತ್ರಿ ಕಣ್ಣಂದಾಜಲ್ಲಿ ಹಾಕ್ತೀನಿ ಅಂದ್ರೆ ಒಪ್ಪಬೇಡಿ, ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ಅಳೀಲಿ.

ರಸ್ತೆ ಮ್ಯಾನ್‌ಹೋಲ್ ಉಕ್ತಿದ್ರೆ ಜಲಮಂಡಳಿ 1916ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ಳಿ. ಮೇನ್ ಲೈನು ಅವ್ರದ್ದು, ಅವ್ರ ಜೆಟ್ಟಿಂಗ್ ಗಾಡಿನೇ ಬಂದು ಮಾಡ್ಬೇಕು. ಬರೋದು ತಡ ಆಗುತ್ತೆ ಅಂತ ಯಾರನ್ನೋ ಐನೂರು ಸಾವಿರ ಕೊಟ್ಟು ಒಳಗೆ ಇಳಿಸೋರು ಈಗ್ಲೂ ಇದಾರೆ, ಇದನ್ನ ಮಾತ್ರ ಯಾವ ಕಾರಣಕ್ಕೂ ಮಾಡ್ಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆ ಇಲ್ಲದೆ ಒಬ್ಬರನ್ನ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದ್ರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ ಆಗಬಹುದು. ಚರಂಡೀಲಿ ಸತ್ತವರ ಮನೆಯವ್ರಿಗೆ 30 ಲಕ್ಷ ಪರಿಹಾರ ಕೊಡ್ಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನು ಪಕ್ಕಕ್ಕಿಟ್ರೂ ಅಲ್ಲಿರೋ ಹೈಡ್ರೋಜನ್ ಸಲ್ಫೈಡ್ ಗ್ಯಾಸು ಕೊಳೆತ ಮೊಟ್ಟೆ ವಾಸನೆ ಬರುತ್ತೆ ಅಂತಾರಲ್ಲ, ಜಾಸ್ತಿ ಆದಾಗ ಮೂಗಿಗೆ ಆ ವಾಸನೆ ಗೊತ್ತಾಗೋದೇ ನಿಂತು ಹೋಗುತ್ತೆ, ಇಳಿದವನಿಗೆ ಅಪಾಯ ಇದೆ ಅಂತಾನೂ ತಿಳಿಯಲ್ಲ.

ಮಳೆಗಾಲದಲ್ಲಿ ಮಾತ್ರ ಕೆಳಗಿನ ಬಚ್ಚಲಲ್ಲಿ ನೀರು ಉಕ್ಕುತ್ತೆ ಅನ್ನೋರು ಟೆರೇಸಿನ ಪೈಪು ಎಲ್ಲಿಗೆ ಹೋಗಿದೆ ನೋಡಿ. ಎಷ್ಟೋ ಮನೇಲಿ ಮಳೆನೀರನ್ನ ಚೇಂಬರಿಗೇ ಕೊಟ್ಟಿರ್ತಾರೆ, ಅದು ನಿಯಮಕ್ಕೂ ವಿರುದ್ಧ, ಬೀದಿ ಬೀದಿ ಹಾಗೇ ಮಾಡಿದ್ಮೇಲೆ ಮ್ಯಾನ್‌ಹೋಲ್ ಉಕ್ಕದೆ ಇನ್ನೇನಾಗುತ್ತೆ. ಇಂಗುಗುಂಡಿಗೋ ರಸ್ತೆ ಬದಿ ಮಳೆನೀರ ಚರಂಡಿಗೋ ತಿರುಗಿಸಿ. ಸಂಪ್ ಚೇಂಬರ್ ಪಕ್ಕದಲ್ಲೇ ಇದ್ರಂತೂ, ಒಂದು ಸಲ ಚೇಂಬರ್ ಉಕ್ಕಿದ್ರೆ ಸಂಪಿನ ನೀರನ್ನ ಕುಡಿಯೋಕೆ ಬಳಸ್ಬೇಡಿ, ಖಾಲಿ ಮಾಡಿ ಬ್ಲೀಚಿಂಗ್ ಹಾಕಿ ತೊಳೆಸಿ.

ಬಾಡಿಗೆಯವ್ರ ವಿಷಯಕ್ಕೆ ಬಂದ್ರೆ, ಯಾರು ದುಡ್ಡು ಕೊಡ್ಬೇಕು ಅನ್ನೋ ಜಗಳ ಎಲ್ಲಾ ಕಡೆ ಇದ್ದಿದ್ದೇ. "ಅಂಕಲ್, ನಾವೇನೂ ಹಾಕಿಲ್ಲ" ಅಂತಾನೇ ಶುರುವಾಗುತ್ತೆ. ನಮ್ಮಲ್ಲಿ ಈಗ ಇರೋ ಮಾತು ಏನಂದ್ರೆ ಚೇಂಬರ್ ತನಕ, ಅಂದ್ರೆ ಅವರ ಸಿಂಕು ಬಚ್ಚಲು ಅವರದ್ದು, ಚೇಂಬರಿಂದ ಆಚೆ ನಮ್ದು, ಸಿಂಕಿನ ಜಾಲಿ ಮಾತ್ರ ನಾನೇ ತಂದು ಕೊಡ್ತೀನಿ, ನಲವತ್ತು ರೂಪಾಯಿ. ಜೊತೆಗೆ ಜಿಡ್ಡಿನ ಬಾಣಲೆನ ತೊಳೆಯೋ ಮುಂಚೆ ಹಳೇ ನ್ಯೂಸ್‌ಪೇಪರಲ್ಲಿ ಒರೆಸಿ ಕಸಕ್ಕೆ ಹಾಕಿ ಅಂತ ಹೇಳಿದೀನಿ, ಮೇಲಿನ ಮನೆಯವ್ರು ಮಾಡ್ತಾರೆ, ನಮ್ಮನೇಲಿ ಅಪರೂಪಕ್ಕೆ.

ಪ್ಲಂಬರ್ ಕರೆಸ್ಲೇಬೇಕಾದ್ರೆ ಫೋನಲ್ಲೇ ಎರಡು ವಿಷಯ ಕೇಳ್ಕೊಳ್ಳಿ. ಬಂದು ನೋಡಿ ಹೋದ್ರೆ ಎಷ್ಟು, ಕ್ಲಿಯರ್ ಆಗ್ದಿದ್ರೆ ಎಷ್ಟು ಅಂತ. ನಮ್ಮ ಏರಿಯಾದಲ್ಲಿ ನೋಡೋಕೆ ಬರೋದಕ್ಕೆ ಇನ್ನೂರು ಮುನ್ನೂರು, ಅದನ್ನ ಆಮೇಲೆ ಬಿಲ್ಲಲ್ಲಿ ಕಳೀತಾರೆ. ಯಾವ ಚೇಂಬರ್ ತುಂಬಿದೆ, ಯಾವುದು ಖಾಲಿ ಅಂತ ನೀವೇ ಹೇಳ್ಬಿಟ್ರೆ ಅವ್ರು ಸರಿಯಾದ ಸಾಮಾನು ತಗೊಂಡೇ ಬರ್ತಾರೆ, ಸುಮ್ನೆ ರೇಟು ಏರಿಸೋಕೂ ಸ್ವಲ್ಪ ಹಿಂದೆಮುಂದೆ ನೋಡ್ತಾರೆ.