ಹೆಸರು, ದಿನಾಂಕ, ಸ್ಥಳ: ಏಳು ಸಾವಿರ ಸಿಬ್ಬಂದಿಯ ದಾಖಲೆಯನ್ನು ಕ್ಲೌಡ್‌ಗೆ ಒಯ್ದ ಅನುಭವ

ಹೊಸೂರಿನ ಸಿಪ್ಕಾಟ್ ಪ್ರದೇಶದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಊರು ತಳಿ ಕಡೆಯದು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಇವೆರಡರ ಜೊತೆಗೆ ತೆಲುಗು. ನಮ್ಮ ಸಂಸ್ಥೆಗೆ ಹೊಸೂರಲ್ಲದೆ ಕರ್ನಾಟಕದ ಆನೇಕಲ್ ತಾಲ್ಲೂಕಿನಲ್ಲಿ ಒಂದು, ಆಂಧ್ರಪ್ರದೇಶದ ಹಿಂದೂಪುರದಲ್ಲಿ ಒಂದು ಘಟಕವಿದೆ. ಮೂರೂ ಸೇರಿ ಸುಮಾರು ಏಳು ಸಾವಿರ ಜನರ ದಾಖಲೆಗಳು ಸರ್ವಿಸ್ ರಿಜಿಸ್ಟರುಗಳಲ್ಲಿ, ಟೈಮ್ ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಮತ್ತು ಲೆಕ್ಕವಿಲ್ಲದಷ್ಟು ಎಕ್ಸೆಲ್ ಹಾಳೆಗಳಲ್ಲಿ ಚದುರಿಹೋಗಿದ್ದವು. ಅವನ್ನೆಲ್ಲ ಎಸ್‌ಎಪಿ ಸಕ್ಸಸ್‌ಫ್ಯಾಕ್ಟರ್ಸ್‌ನ ಎಂಪ್ಲಾಯೀ ಸೆಂಟ್ರಲ್ ಎಂಬ ಕ್ಲೌಡ್ ಸಿಬ್ಬಂದಿ ತಂತ್ರಾಂಶಕ್ಕೆ ತರುವ ಕೆಲಸ 2021ರ ಕೊನೆಯಲ್ಲಿ ಆರಂಭವಾಯಿತು. ಸಂಬಳದ ಲೆಕ್ಕವನ್ನು ಮಾತ್ರ ಹಳೆಯ ಪೇರೋಲ್‌ನಲ್ಲಿಯೇ ಉಳಿಸಿಕೊಂಡು, ಅದಕ್ಕೆ ಬೇಕಾದ ಮಾಹಿತಿ ಪ್ರತಿದಿನ ಕ್ಲೌಡ್‌ನಿಂದ ಹೋಗುವಂತೆ ಮಾಡುವುದೆಂದು ತೀರ್ಮಾನವಾಯಿತು. ಸಂಸ್ಥೆಯ ಕಡೆಯಿಂದ ಆ ಕೆಲಸದ ಹೊಣೆ ನನ್ನದಾಗಿತ್ತು.

ಇಂಥ ತಂತ್ರಾಂಶದಲ್ಲಿ ಮೊದಲು ಕಟ್ಟಬೇಕಾದದ್ದು ಅಡಿಪಾಯದ ಪಟ್ಟಿಗಳನ್ನು: ಕಾನೂನಿನ ದೃಷ್ಟಿಯ ಸಂಸ್ಥೆ, ವಿಭಾಗ, ಸ್ಥಳ, ವೆಚ್ಚ ಕೇಂದ್ರ, ಹುದ್ದೆ, ವೇತನ ಶ್ರೇಣಿ. ಇವುಗಳಲ್ಲಿ ಬಹುಪಾಲು ಎರಡು ವಾರಗಳಲ್ಲಿ ಮುಗಿದವು. ನಮ್ಮನ್ನು ತಿಂಗಳುಗಟ್ಟಲೆ ಹಿಡಿದು ನಿಲ್ಲಿಸಿದ್ದು ನೋಡಲು ತೀರ ಸರಳವಾದ ಮೂರು ಸಂಗತಿಗಳು: ನೌಕರರ ಹೆಸರು, ಅವರು ಸೇರಿದ ದಿನಾಂಕ ಮತ್ತು ಅವರು ದುಡಿಯುವ ಸ್ಥಳ.

ಹೆಸರಿನಿಂದಲೇ ಆರಂಭಿಸುತ್ತೇನೆ. ತಂತ್ರಾಂಶಕ್ಕೆ ಮೊದಲ ಹೆಸರು ಬೇಕು, ಕೊನೆಯ ಹೆಸರು ಬೇಕು. ಎರಡನೆಯದನ್ನು ಖಾಲಿ ಬಿಡಲು ನಮ್ಮ ವಿನ್ಯಾಸದಲ್ಲಿ ಆಸ್ಪದವಿರಲಿಲ್ಲ. ನಮ್ಮ ಗಡಿಯ ಹೆಸರುಗಳು ಆ ಅಚ್ಚಿನಲ್ಲಿ ಕೂರುವಂಥವಲ್ಲ. ತಮಿಳರು ತಂದೆಯ ಹೆಸರಿನ ಮೊದಲಕ್ಷರವನ್ನು ತಮ್ಮ ಹೆಸರಿನ ಮುಂದಿಡುತ್ತಾರೆ. ತೆಲುಗರಲ್ಲಿ ಮನೆತನದ ಹೆಸರು, ಅಂದರೆ ಇಂಟಿ ಪೇರು, ಮೊದಲು ಬರುತ್ತದೆ. ನಮ್ಮ ಕಡೆಯ ಕನ್ನಡಿಗರಲ್ಲಿ ಒಬ್ಬರು ಊರಿನ ಅಕ್ಷರ ಮತ್ತು ತಂದೆಯ ಅಕ್ಷರ ಎರಡನ್ನೂ ಇಟ್ಟುಕೊಂಡರೆ, ಇನ್ನೊಬ್ಬರು ಯಾವುದನ್ನೂ ಇಟ್ಟುಕೊಂಡಿರುವುದಿಲ್ಲ. ಹೀಗಾಗಿ ಒಬ್ಬನೇ ನೌಕರನ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು ಬಗೆ, ಪಿಎಫ್ ಖಾತೆಯಲ್ಲಿ ಮೂರನೆಯ ಬಗೆ ಇರುತ್ತಿತ್ತು. ಇದನ್ನು ಬರಿಯ ಕಾಗುಣಿತದ ತೊಡಕೆಂದು ತಳ್ಳಿಹಾಕುವಂತಿಲ್ಲ. ಪಿಎಫ್ ಹಣಕ್ಕೆ ಅರ್ಜಿ ಹಾಕಿದ ದಿನ ಹೆಸರು ಹೊಂದದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಮತ್ತು ಆ ದಿನ ಸಾಮಾನ್ಯವಾಗಿ ಮಗಳ ಮದುವೆಯದ್ದೋ ಆಸ್ಪತ್ರೆಯದ್ದೋ ಆಗಿರುತ್ತದೆ.

ಕೊನೆಯ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ ಇಟ್ಟುಬಿಡೋಣ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ, ಏಕೆಂದರೆ ಆ ಚುಕ್ಕಿ ನೇಮಕಾತಿ ಪತ್ರಕ್ಕೂ ಗುರುತಿನ ಚೀಟಿಗೂ ಹೋಗಿ ಕೂರುತ್ತದೆ. ಪ್ರಾಯೋಗಿಕ ಪರದೆಯನ್ನು ತೋರಿಸಿದಾಗ ಪೇಂಟ್ ಶಾಪಿನ ಹಿರಿಯ ಕೆಲಸಗಾರರೊಬ್ಬರು, "ಅಮ್ಮಾ, ಇದರಲ್ಲಿ ನಮ್ಮಪ್ಪನ ಹೆಸರು ಹಿಡಿದು ನನ್ನನ್ನು ಕರೀತಾರಲ್ಲ, ಅಪ್ಪ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು" ಎಂದರು. ಆ ಮಾತಿನ ನಂತರ ಮೂರು ಪ್ರತ್ಯೇಕ ಅಂಕಣಗಳನ್ನು ಮಾಡಿದೆವು. ಆಧಾರ್‌ನಲ್ಲಿರುವ ಹೆಸರು ಅಕ್ಷರಶಃ ಒಂದರಲ್ಲಿ, ತಂದೆಯ ಅಥವಾ ಗಂಡನ ಹೆಸರು ಇನ್ನೊಂದರಲ್ಲಿ, ನೌಕರರು ತಮ್ಮನ್ನು ಕರೆಯಬೇಕೆಂದು ಬಯಸುವ ಹೆಸರು ಮತ್ತೊಂದರಲ್ಲಿ. ಪರದೆಯ ಮೇಲೂ ಗುರುತಿನ ಚೀಟಿಯಲ್ಲಿಯೂ ಕಾಣುವುದು ಮೂರನೆಯದು. ಸರ್ಕಾರಿ ವರದಿಗಳಿಗೆ ಹೋಗುವುದು ಮೊದಲನೆಯದು. ಕಡ್ಡಾಯವಾದ ಕೊನೆಯ ಹೆಸರಿಗೆ ಇನಿಷಿಯಲ್ಲಿನ ವಿಸ್ತೃತ ರೂಪವನ್ನು ತುಂಬಿದೆವಾದರೂ ಅದನ್ನು ಯಾವ ಪತ್ರಕ್ಕೂ ಬಳಸದಂತೆ ನೋಡಿಕೊಂಡೆವು.

ಮಾಹಿತಿಯನ್ನು ತುಂಬುವುದು ಸಿಎಸ್‌ವಿ ಕಡತಗಳ, ಅಂದರೆ ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸಿದ ಸರಳ ಪಠ್ಯದ ಕಡತಗಳ ಮೂಲಕ. ಇದರಲ್ಲಿ ಎಕ್ಸೆಲ್ ಮಾಡುವ ಅನಾಹುತಗಳನ್ನು ಅನುಭವಿಸಿದವರೇ ಬಲ್ಲರು. ಸೊನ್ನೆಯಿಂದ ಆರಂಭವಾಗುವ ಟೋಕನ್ ನಂಬರಿನ ಸೊನ್ನೆಗಳು ಮಾಯವಾಗುತ್ತವೆ. ಹನ್ನೆರಡು ಅಂಕಿಗಳ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ), ಆಧಾರ್ ಸಂಖ್ಯೆಗಳು ಘಾತ ರೂಪಕ್ಕೆ ತಿರುಗಿ, ಹಾಗೆಯೇ ಉಳಿಸಿದರೆ ಕೊನೆಯ ಅಂಕಿಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಕಡತವನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಸಂಕೇತ ಕ್ರಮದಲ್ಲಿ ಉಳಿಸದಿದ್ದರೆ ಕನ್ನಡ, ತಮಿಳು ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳಾದ್ದರಿಂದ ತಿದ್ದಿದೆವು.

ದಿನಾಂಕದ ತಪ್ಪು ಕಣ್ಣಿಗೆ ಬೀಳಲಿಲ್ಲ. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಕಡತವನ್ನು ಏರಿಸಿದವರ ಭಾಷಾ ಆಯ್ಕೆ ಅಮೆರಿಕದ ಇಂಗ್ಲಿಷ್ ಆಗಿದ್ದುದರಿಂದ ವ್ಯವಸ್ಥೆ ತಿಂಗಳು, ದಿನ, ವರ್ಷ ಎಂದು ಓದಿಕೊಂಡಿತು. 25/07/2009 ಎಂದಿದ್ದರೆ ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಆ ಸಾಲು ತಿರಸ್ಕೃತವಾಗಿ ತಪ್ಪುಗಳ ಪಟ್ಟಿಗೆ ಬಂತು, ನಾವು ಸರಿಪಡಿಸಿದೆವು. ಆದರೆ 03/07/2009 ಎಂಬುದನ್ನು ಅದು ಮಾರ್ಚ್ 7 ಎಂದು ತಿಳಿದು ಸದ್ದಿಲ್ಲದೆ ಒಪ್ಪಿಕೊಂಡಿತು. ತಪ್ಪುಗಳ ಪಟ್ಟಿ ಖಾಲಿಯಾದ ದಿನ ನಾವು ಕೆಲಸ ಮುಗಿಯಿತೆಂದು ನಂಬಿದೆವು; ನಿಜವಾಗಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಸೇರಿದವರ ಪೈಕಿ ಹೆಚ್ಚಿನವರ ದಿನಾಂಕಗಳು ತಿರುವುಮುರುವಾಗಿ ಒಳಗೆ ಕುಳಿತಿದ್ದವು. ಗ್ರ್ಯಾಚುಟಿಗೆ ಆಗ ಜಾರಿಯಲ್ಲಿದ್ದ 1972ರ ಕಾಯಿದೆ ಕೇಳುತ್ತಿದ್ದ ಐದು ವರ್ಷಗಳ ಸೇವೆ, ಹಿರಿತನದ ಪಟ್ಟಿ, ನಿವೃತ್ತಿಯ ದಿನ, ಎಲ್ಲವೂ ನಿಂತಿದ್ದುದು ಇಂಥ ದಿನಾಂಕಗಳ ಮೇಲೆ.

ಇದು ಬೆಳಕಿಗೆ ಬಂದದ್ದು ಚೀಟಿಗಳಿಂದ. ಪ್ರತಿಯೊಬ್ಬ ನೌಕರರಿಗೂ ಅವರ ಹೆಸರು, ಹುಟ್ಟಿದ ದಿನ, ಸೇರಿದ ದಿನ, ತಂದೆಯ ಹೆಸರು, ನಾಮಿನಿ ಇವಿಷ್ಟನ್ನು ಮುದ್ರಿಸಿ ಕೊಟ್ಟು, ಸರಿಯಿದ್ದರೆ ಸಹಿ, ತಪ್ಪಿದ್ದರೆ ತಿದ್ದುಪಡಿ ಪಡೆಯಬೇಕೆಂದು ನಾನು ಆರಂಭದಿಂದಲೂ ಹಟ ಹಿಡಿದಿದ್ದೆ. ಏಳು ಸಾವಿರ ಚೀಟಿ ಹಂಚಲು ಸಮಯವೆಲ್ಲಿದೆ ಎಂಬ ಆಕ್ಷೇಪ ಯೋಜನೆಯ ಸಭೆಗಳಲ್ಲಿ ಮತ್ತೆ ಮತ್ತೆ ಬಂತು. ಕೊನೆಗೆ ಚೀಟಿಯ ತಲೆಬರಹಗಳನ್ನು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆಸಿ, ತಿಂಗಳ ಹೆಸರನ್ನು ಅಂಕಿಯ ಬದಲು ಅಕ್ಷರದಲ್ಲಿ ಮುದ್ರಿಸಿ, ಕ್ಯಾಂಟೀನಿನ ಬಾಗಿಲಲ್ಲಿ ಪಾಳಿಯಿಂದ ಪಾಳಿಗೆ ಹಂಚಿದೆವು. ಮೊದಲ ದಿನ ಸಂಜೆಯೇ ಹಿಂದೂಪುರದಿಂದ ಫೋನ್ ಬಂತು: ಆಷಾಢದಲ್ಲಿ ಕೆಲಸಕ್ಕೆ ಸೇರಬೇಡವೆಂದು ತಾಯಿ ತಡೆದಿದ್ದರೂ ಜುಲೈನಲ್ಲೇ ಸೇರಿದವನು ನಾನು, ಚೀಟಿಯಲ್ಲಿ ಮಾರ್ಚ್ ಎಂದಿರುವುದು ಹೇಗೆ ಎಂದು ಒಬ್ಬರು ಕೇಳಿದ್ದರು. ಆ ಒಂದು ಪ್ರಶ್ನೆಯಿಂದ ಇಡೀ ಕಡತವನ್ನು ಮತ್ತೆ ಸರ್ವಿಸ್ ರಿಜಿಸ್ಟರಿಗೆ ಹೋಲಿಸಿದೆವು. ತನ್ನ ದಾಖಲೆಯನ್ನು ಅದರ ಒಡೆಯನಷ್ಟು ಎಚ್ಚರದಿಂದ ಓದುವ ಪರೀಕ್ಷಕ ಇನ್ನೊಬ್ಬನಿಲ್ಲ ಎಂಬ ನಂಬಿಕೆ ನನ್ನಲ್ಲಿ ಅಂದು ಗಟ್ಟಿಯಾಯಿತು.

ಇನ್ನು ಸ್ಥಳ. ಮೂರು ರಾಜ್ಯಗಳ ನಡುವೆ ಇರುವ ನಮಗೆ ಈ ಒಂದು ಅಂಕಣದಿಂದಲೇ ರಜೆಯ ಪಟ್ಟಿಯೂ ವೃತ್ತಿ ತೆರಿಗೆಯೂ ನಿರ್ಧಾರವಾಗುತ್ತವೆ. ತಮಿಳುನಾಡಿನ 1958ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯ ಪಟ್ಟಿ ಒಂದು, ಕರ್ನಾಟಕದ 1963ರ ಕಾಯಿದೆಯ ಪಟ್ಟಿ ಇನ್ನೊಂದು. ನವೆಂಬರ್ 1 ಆನೇಕಲ್ ಘಟಕಕ್ಕೆ ಕಡ್ಡಾಯ ರಜೆ, ಹೊಸೂರಿನಲ್ಲಿ ಕೆಲಸದ ದಿನ. ವೃತ್ತಿ ತೆರಿಗೆಯನ್ನು ಕರ್ನಾಟಕದಲ್ಲಿ ಆಗ ತಿಂಗಳಿಗೆ 200 ರೂಪಾಯಿಯಂತೆ ರಾಜ್ಯಕ್ಕೆ ಕಟ್ಟಬೇಕಿತ್ತು; ತಮಿಳುನಾಡಿನಲ್ಲಿ ಅದನ್ನು ಆರು ತಿಂಗಳಿಗೊಮ್ಮೆ ಸ್ಥಳೀಯ ಸಂಸ್ಥೆಗೆ ಕಟ್ಟಬೇಕು. ನಮ್ಮ ಕಾರ್ಖಾನೆ ನಗರಪಾಲಿಕೆಯ ವ್ಯಾಪ್ತಿಯಲ್ಲಿದ್ದು ಉಗ್ರಾಣ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದುದರಿಂದ, ಹೊಸೂರು ಎಂಬ ಒಂದೇ ಸ್ಥಳವನ್ನು ಎರಡಾಗಿ ಒಡೆಯಬೇಕಾಯಿತು. ನಾನು ಬರೆದ ಮೊದಲ ನಿಯಮದಲ್ಲಿ ಒಂದು ದೋಷವಿತ್ತು: ಅದು ನೌಕರರ ಮನೆ ವಿಳಾಸದ ರಾಜ್ಯವನ್ನು ನೋಡುತ್ತಿತ್ತು. ಅತ್ತಿಬೆಲೆಯಿಂದ ದಿನವೂ ಗಡಿ ದಾಟಿ ಹೊಸೂರಿಗೆ ಬರುವ ನೂರಾರು ಜನರನ್ನು ಅದು ಕರ್ನಾಟಕದ ಲೆಕ್ಕಕ್ಕೆ ಸೇರಿಸಿಬಿಟ್ಟಿತು. ಗಡಿಯಿಂದ ದೂರವಿರುವ ಊರಿನಲ್ಲಿ ಈ ದೋಷ ವರ್ಷಗಟ್ಟಲೆ ಬಯಲಾಗದೆ ಉಳಿಯಬಹುದಿತ್ತು.

ಕೆಲಸ ಅರ್ಧ ಸಾಗಿದ್ದಾಗ, 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶ ತನ್ನ ಹದಿಮೂರು ಜಿಲ್ಲೆಗಳನ್ನು ಇಪ್ಪತ್ತಾರು ಮಾಡಿತು. ಹಿಂದೂಪುರ, ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದವು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯುವುದು ಸುಲಭವಾಗಿ ಕಂಡರೂ ಹಾಗೆ ಮಾಡಲಿಲ್ಲ. ಅಳಿಸಿದರೆ ಹಿಂದಿನ ದಾಖಲೆಗಳೂ ಬದಲಾಗುತ್ತವೆ. ಹಳೆಯದಕ್ಕೆ ಏಪ್ರಿಲ್ 3ರ ಮುಕ್ತಾಯ ಕೊಟ್ಟು, ಹೊಸದನ್ನು ಏಪ್ರಿಲ್ 4ರಿಂದ ಆರಂಭಿಸಿದೆವು. ಯಾವ ಬದಲಾವಣೆಯೂ ಎಂದಿನಿಂದ ಜಾರಿ ಎಂಬ ದಿನಾಂಕವಿಲ್ಲದೆ ಒಳಗೆ ಹೋಗಬಾರದು ಎಂಬ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಈ ಸಂದರ್ಭದಿಂದ.

ಆ ಪದ್ಧತಿಯನ್ನು ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಷಯದಲ್ಲಿ ಮಾತ್ರ ಬೇರೆ ಬಗೆಯಲ್ಲಿ ಅನ್ವಯಿಸಬೇಕಾಯಿತು. ತಿಂಗಳ ವೇತನ 21,000 ರೂಪಾಯಿ ದಾಟಿದವರು ಇಎಸ್‌ಐಯಿಂದ ಹೊರಬರುತ್ತಾರೆ. ಆದರೆ ದಾಟಿದ ದಿನವೇ ಅಲ್ಲ, ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ, ಅಂದರೆ ಸೆಪ್ಟೆಂಬರ್ 30 ಅಥವಾ ಮಾರ್ಚ್ 31ರ ನಂತರ. ಜುಲೈನ ವೇತನ ಪರಿಷ್ಕರಣೆಯನ್ನು ಪರೀಕ್ಷಾ ವ್ಯವಸ್ಥೆಯಲ್ಲಿ ನಡೆಸಿದಾಗ ನಮ್ಮ ನಿಯಮ ಜನರನ್ನು ಜುಲೈ 1ಕ್ಕೇ ಹೊರಗೆ ಹಾಕಿತು. ಎರಡು ತಿಂಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿ ಪ್ರತಿ ಸಂಬಳ ಚೀಟಿಯನ್ನು ರೂಪಾಯಿ ರೂಪಾಯಿ ಹೋಲಿಸಿದ್ದರಿಂದ ಅದು ಸಿಕ್ಕಿತು. ಸಿಗದೆ ಹೋಗಿದ್ದರೆ ಹೆರಿಗೆಗೆಂದು ಇಎಸ್‌ಐ ಆಸ್ಪತ್ರೆಗೆ ಹೋದ ಯಾರೋ ಹೆಣ್ಣುಮಗಳು ನಿಮ್ಮ ಹೆಸರಿಲ್ಲ ಎಂಬ ಮಾತು ಕೇಳಬೇಕಾಗುತ್ತಿತ್ತು.

ಯಾರಿಗೆ ಏನು ಕಾಣಬೇಕೆಂಬ ಅನುಮತಿಗಳ ವಿಚಾರದಲ್ಲಿ ನಮ್ಮ ನಿಲುವು ಬಿಗಿಯಾಗಿತ್ತು. ಸೂಪರ್‌ವೈಸರಿಗೆ ತನ್ನ ಕೆಳಗಿನವರ ಪಾಳಿ, ಹಾಜರಿ, ರಜೆ ಸಾಕು. ಸಂಬಳ, ಜಾತಿ, ಆಧಾರ್ ಸಂಖ್ಯೆ ಬೇಡ. ಯೋಜನೆ ನಡೆಯುವಾಗ ಎಲ್ಲರಿಗೂ ಎಲ್ಲವೂ ಕಾಣುವಂತೆ ಬಿಟ್ಟು ಆಮೇಲೆ ಮುಚ್ಚೋಣ ಎಂದರೆ ಆ ಆಮೇಲೆ ಬರುವುದೇ ಇಲ್ಲ.

2023ರ ಜನವರಿ 1ರಂದು ಮೂರು ಘಟಕಗಳಲ್ಲಿಯೂ ಒಟ್ಟಿಗೆ ಚಾಲನೆ ಕೊಟ್ಟೆವು. ಏಪ್ರಿಲ್ ಒಂದನ್ನು ಆರಿಸಬೇಕೆಂದು ಲೆಕ್ಕಪತ್ರ ವಿಭಾಗದವರು ಹೇಳಿದ್ದರು. ಆದರೆ ನಮ್ಮ ಗಳಿಕೆ ರಜೆಗೆ ಆಧಾರವಾಗಿದ್ದ 1948ರ ಕಾರ್ಖಾನೆ ಕಾಯಿದೆ ಕ್ಯಾಲೆಂಡರ್ ವರ್ಷದಲ್ಲಿ 240 ದಿನ ದುಡಿದವರಿಗೆ ಇಪ್ಪತ್ತು ದಿನಕ್ಕೊಂದರಂತೆ ರಜೆ ಕೊಡುತ್ತಿದ್ದುದರಿಂದ, ವರ್ಷದ ನಡುವೆ ರಜೆಯ ಖಾತೆಗಳನ್ನು ಸಾಗಿಸುವುದು ನನಗೆ ಸರಿಕಾಣಲಿಲ್ಲ. ಆ ಏಪ್ರಿಲ್‌ನಲ್ಲಿಯೇ ಕರ್ನಾಟಕ ವೃತ್ತಿ ತೆರಿಗೆಯ ಮಿತಿಯನ್ನು 15,000ದಿಂದ 25,000 ರೂಪಾಯಿಗೆ ಏರಿಸಿತು. ಸ್ಥಳದ ಅಂಕಣ ಸರಿಯಾಗಿದ್ದುದರಿಂದ ಪೇರೋಲ್‌ನಲ್ಲಿ ಏಪ್ರಿಲ್ 1ರ ದಿನಾಂಕದೊಂದಿಗೆ ಒಂದು ಹೊಸ ಸಾಲು ಸೇರಿಸಿದರೆ ಸಾಕಾಯಿತು. ಆನೇಕಲ್ ಘಟಕದಲ್ಲಿ ಅದಕ್ಕಿಂತ ಕಡಿಮೆ ಸಂಬಳದವರ ಚೀಟಿಯಿಂದ ಆ ತಿಂಗಳೇ ಕಡಿತ ನಿಂತಿತು, ಅತ್ತಿಬೆಲೆಯಿಂದ ಹೊಸೂರಿಗೆ ಬರುವವರ ಲೆಕ್ಕ ಇದ್ದಂತೆಯೇ ಉಳಿಯಿತು. ಕ್ಯಾಂಟೀನಿನ ಬಾಗಿಲಲ್ಲಿ ಚೀಟಿ ಹಂಚುವುದನ್ನು ನಾವು ಈಗಲೂ ಪ್ರತಿ ಜನವರಿಯಲ್ಲಿ ಮಾಡುತ್ತೇವೆ.