ಎರಡೇ ಮಾತು ಆಡಿ ಸುಮ್ಮನಾಗುವವರ ಜೊತೆ ಪರಿಚಯ ಬೆಳೆಸುವುದು ಹೇಗೆ?

ಜನವರಿ ಬಂತೆಂದರೆ ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ. ಒಂದು ವರ್ಷ ಲೋಹ ಕತ್ತರಿಸುವ ಯಂತ್ರಗಳದ್ದು, ಮರುವರ್ಷ ಲೋಹವನ್ನು ಒತ್ತಿ, ಬಗ್ಗಿಸಿ ರೂಪ ಕೊಡುವ ಯಂತ್ರಗಳದ್ದು. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಹೋಗಿಬರುವುದೂ ಸಲೀಸು. ಪೀಣ್ಯದ ವರ್ಕ್‌ಶಾಪ್ ಮಾಲೀಕರು, ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮ್‌ನವರು, ಪರ್ಚೇಸ್‌ನವರು ಎಲ್ಲ ಒಂದೇ ಕಡೆ ಸಿಗುತ್ತಾರೆ.

ಸಿಕ್ಕರೇನು? ಇವರಲ್ಲಿ ಸುಮಾರು ಜನ ಸುಲಭಕ್ಕೆ ಬಾಯಿ ಬಿಡುವವರಲ್ಲ. "ಹ್ಞೂಂ", "ನೋಡೋಣ", ಅಷ್ಟೇ. ಹೊಸದಾಗಿ ಸೇಲ್ಸ್‌ಗೆ ಸೇರಿದ ಹುಡುಗರು ಇದನ್ನು ಜಂಭ ಅಂದುಕೊಂಡು ಮುಂದಿನ ಸ್ಟಾಲ್‌ಗೆ ಹೋಗಿಬಿಡುತ್ತಾರೆ. ಇಲ್ಲವೇ ತಾವೇ ಇನ್ನಷ್ಟು ಜೋರಾಗಿ ಮಾತಾಡುತ್ತಾರೆ. ಪ್ರತಿ ಮೇಳದಲ್ಲೂ ಇದನ್ನೇ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಮೆಲುದನಿಯವರ ಮಾತು ಕೇಳಿಸುವುದೇ ಇಲ್ಲ.

2. ಪಕ್ಕದಲ್ಲಿ ನಿಲ್ಲಿ, ಎದುರಿಗೆ ಬೇಡ. ಅವರು ಯಂತ್ರ ನೋಡುತ್ತಿದ್ದರೆ ನೀವೂ ಅದನ್ನೇ ನೋಡಿ. ಮಾತಾಡಲು ಹಿಂಜರಿಯುವವರಿಗೆ ಮುಖವನ್ನೇ ದಿಟ್ಟಿಸುವವರೆಂದರೆ ಕಿರಿಕಿರಿ. ಕೈಕುಲುಕಲು ನುಗ್ಗಬೇಡಿ, ನಮಸ್ಕಾರ ಸಾಕು. "ಸಾರ್", "ಮೇಡಂ" ಅನ್ನಿ. "ಬ್ರೋ" ಅಂದಿರೋ, ಕಥೆ ಮುಗೀತು.

3. ಕೆಲಸದ ಬಗ್ಗೆ ಒಂದು ಚಿಕ್ಕ ಪ್ರಶ್ನೆ ಕೇಳಿ. ಎಡವುವವರೆಲ್ಲ ಎಡವುವುದು ಇಲ್ಲೇ. "ಬಿಸಿನೆಸ್ ಹೇಗಿದೆ ಸಾರ್?" ಅಂದರೆ "ನಡೀತಿದೆ" ಅನ್ನುತ್ತಾರೆ. ಇನ್ನೇನು ಹೇಳಬೇಕು ಪಾಪ? ಮೊದಲ ಸಲ ಕಂಡವರ ಮುಂದೆ ಲಾಭ-ನಷ್ಟ ಬಿಚ್ಚಿಡೋಕಾಗುತ್ತಾ?

ಅದರ ಬದಲು ಅವರ ಕೈಗೆ ಏನಾದರೂ ಕೊಡಿ. ನಿಮ್ಮಲ್ಲಿ ತಯಾರಾದ ಒಂದು ಚಿಕ್ಕ ಪಾರ್ಟ್ ಜೇಬಿನಲ್ಲಿರಲಿ. ಟೂಲ್‌ರೂಮಿನಲ್ಲಿ ಪಳಗಿದವರು ಅದನ್ನು ತಗೊಂಡ ಕೂಡಲೇ ಏನು ಮಾಡುತ್ತಾರೆ ಗಮನಿಸಿ. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದು ಬರ್ (ಕತ್ತರಿಸಿದ ಮೇಲೆ ಅಂಚಿನಲ್ಲಿ ಉಳಿಯುವ ಚೂಪು ಸಿಬರು) ಉಳಿದಿದೆಯಾ ಅಂತ ನೋಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗಿನ ಥ್ರೆಡ್, ಅಂದರೆ ಸ್ಕ್ರೂ ಕೂರುವ ಸುರುಳಿ ಗೆರೆ, ನೋಡುತ್ತಾರೆ. ಆಗ ಕೇಳಿ: "ಸಾರ್, 304 ಸ್ಟೇನ್‌ಲೆಸ್‌ನಲ್ಲಿ ಎಂ4 ಟ್ಯಾಪ್ ಪದೇಪದೇ ಮುರೀತಿದೆ. ನೀವೇನು ಮಾಡ್ತೀರಿ?" (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣವೇ ಟ್ಯಾಪ್. ಎಂ4 ಅಂದರೆ 4 ಮಿ.ಮೀ. ಸ್ಕ್ರೂವಿನ ಅಳತೆ, 304 ಸ್ಟೇನ್‌ಲೆಸ್‌ನ ಒಂದು ಬಗೆ.)

"3.4 ಡ್ರಿಲ್ ಹಾಕಿ" ಅನ್ನುತ್ತಾರೆ, ಅಂದರೆ ಮೊದಲು ಕೊರೆಯುವ ತೂತು 3.4 ಮಿ.ಮೀ. ಇರಲಿ ಅಂತ. ಅಲ್ಲಿಗೆ ನಿಲ್ಲಿಸುತ್ತಾರೆ.

ಈಗ ಬಂತು ನೋಡಿ ಕಷ್ಟದ ಘಟ್ಟ. ಸುಮ್ನಿರಿ. "ಹೌದಾ ಸಾರ್, ನಮ್ಮ ಕಂಪನಿಯಲ್ಲೂ..." ಅನ್ನುವುದು ನಾಲಿಗೆ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ಫೋನ್ ತೆಗೆಯಬೇಡಿ, ತಲೆಯನ್ನೂ ಜೋರಾಗಿ ಆಡಿಸಬೇಡಿ, ಪಾರ್ಟ್ ನೋಡುತ್ತಾ ನಿಂತಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನ ತರಗತಿಗಳಲ್ಲಿ ಈ ಕಾಯುವಿಕೆಯನ್ನು ಅಳೆದು ನೋಡಿದ್ದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹಿಂದೆ ಉಳಿದಿದ್ದ ಮಕ್ಕಳೂ ಬಾಯಿಬಿಟ್ಟರು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಕಾಯಬೇಕು ಅಂತ ಅವರು ಒತ್ತಿ ಹೇಳಿದ್ದಾರೆ. ವರ್ಕ್‌ಶಾಪ್ ಮಾಲೀಕರೂ ಅಷ್ಟೇ. ಎರಡನೇ ಮಾತು ತಡವಾಗಿ ಬರುತ್ತದೆ, ಆದರೆ ಅದೇ ಅಸಲಿ ಮಾತು:

"3.3 ಹಾಕ್ತಿದ್ದೀರಲ್ವಾ? ಚಾರ್ಟ್ ಪ್ರಕಾರ ಸರಿ. ಆದ್ರೆ ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತೆ. ಡ್ರಿಲ್ ಮೊಂಡಾಗಿದ್ರೆ ತೂತೇ ಗಟ್ಟಿಯಾಗಿ ಕೂತಿರುತ್ತೆ, ಟ್ಯಾಪ್ ಉಳಿಯಲ್ಲ."

ನಿಮ್ಮ ಮುಂದಿನ ಪ್ರಶ್ನೆ ಇದರೊಳಗಿಂದಲೇ ಬರಲಿ: "ಡ್ರಿಲ್ ಮೊಂಡಾಗಿದೆ ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಥಟ್ಟನೆ ವಿಷಯ ಬದಲಿಸಿ ಊರು, ಮಕ್ಕಳು ಅಂತ ಶುರು ಮಾಡಬೇಡಿ. ಅದಕ್ಕೆಲ್ಲ ಅವರೇ ಬರಲಿ. ಮತ್ತೆ, ಇಲ್ಲದ ಸಮಸ್ಯೆ ಹುಟ್ಟುಹಾಕಬೇಡಿ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತೀರಿ. ನೀವು ಸಾಫ್ಟ್‌ವೇರ್‌ನವರಾದರೆ ಪಾರ್ಟ್ ಬದಲು ನಿಮ್ಮನ್ನು ಕಾಡುತ್ತಿರುವ ಎರರ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಗುವ ಕೆಲಸ ಒಂದೇ.

ಕಾದರೂ ಮಾತು ಬರಲಿಲ್ಲವಾ? ಎರಡು ಸಲ ಒಂದೇ ಪದದ ಉತ್ತರ ಬಂದು, ಪಾದ ಬೇರೆ ಕಡೆ ತಿರುಗಿದ್ದರೆ ಥ್ಯಾಂಕ್ಸ್ ಹೇಳಿ ಹೊರಡಿ. ಕೆಲವರಿಗೆ ನಿಜವಾಗಲೂ ಮಾತು ಬೇಡ.

4. ಕಾರ್ಡ್ ಕೊಡಿ. ಕಾಗದದ್ದೇ ಕೊಡಿ. ಫೋನಿಗೆ ತಾಗಿಸುವ ಡಿಜಿಟಲ್ ಕಾರ್ಡ್ ಅಂತ ಒಂದು ಬಂದಿದೆಯಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಅವರ ಫೋನಿನಲ್ಲಿ ಆ ಸೆಟ್ಟಿಂಗ್ ಆಫ್ ಆಗಿರುತ್ತದೆ. ನೀವು ಅವರ ಫೋನ್ ಹಿಡಿದು ತಡಕಾಡುತ್ತೀರಿ, ಮೂರು ಜನ ನಿಂತು ನೋಡುತ್ತಾರೆ. ಸಂಕೋಚದ ಮನುಷ್ಯನಿಗೆ ಇದಕ್ಕಿಂತ ಹಿಂಸೆ ಬೇಕಾ? ಕಾಗದದ ಕಾರ್ಡಿಗೂ ಹೊಳೆಯುವ ಲ್ಯಾಮಿನೇಶನ್ ಬೇಡ, ಪೆನ್ನು ಹತ್ತುವುದಿಲ್ಲ. ಅವರ ಕಾರ್ಡ್ ಹಿಂದೆ "304, 3.4 ಡ್ರಿಲ್" ಅಂತ ಬರೆದುಕೊಳ್ಳಿ. ಅವರೆದುರೇ ಬರೆಯಿರಿ.

5. ಅದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಹಾಕಿ. ಫೋನ್ ಬೇಡ, ವಾಯ್ಸ್ ಮೆಸೇಜ್ ಬೇಡ, ದಪ್ಪನೆಯ ಬ್ರೋಷರ್ ಅಂತೂ ಬೇಡವೇ ಬೇಡ. ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವವರ ನಂಬರ್ ಮ್ಯೂಟ್ ಆಗುತ್ತದೆ. ಎಐ ಹತ್ತಿರ ಬರೆಸಿದ "ನಿಮ್ಮ ಪಯಣ ನನಗೆ ಸ್ಫೂರ್ತಿ" ಥರದ ಲಿಂಕ್ಡ್‌ಇನ್ ಸಂದೇಶ ಇನ್ನೂ ಕೆಟ್ಟದು. ಯಾವ ಪಯಣ? ಮಾತಾಡಿದ್ದು ಟ್ಯಾಪ್ ಬಗ್ಗೆ.

6. ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ತಿಳಿಸಿ. ಇದನ್ನು ಮಾಡುವವರು ತೀರಾ ಕಡಿಮೆ. "3.4 ಹಾಕಿದ್ವಿ ಸಾರ್, 50 ತೂತು ಆಯ್ತು, ಟ್ಯಾಪ್ ಚೆನ್ನಾಗಿದೆ" ಅಂತ ಒಂದು ಫೋಟೊ ಸಾಕು. ಮತ್ತೆ ಮುರಿದರೆ ಅದನ್ನೂ ಬರೆಯಿರಿ. ಆಗ "ಕೂಲೆಂಟ್ (ಕೊರೆಯುವಾಗ ಬಿಸಿ ಇಳಿಸಲು ಹಾಕುವ ದ್ರವ) ಯಾವುದು?" ಅಂತ ಅವರೇ ಕೇಳುವ ಸಂಭವ ಜಾಸ್ತಿ. ಕೊಟೇಶನ್ ವಿಷಯವನ್ನು ಅಲ್ಲಿಯವರೆಗೆ ಎತ್ತಬೇಡಿ.