ಒಗಟಿನಲ್ಲಿ ಹೆಸರು ಸುಳ್ಳು, ಕೆಲಸ ನಿಜ

‘ಗೂಡಿನಲ್ಲಿನ ಪಕ್ಷಿ ನಾಡೆಲ್ಲ ನೋಡುತ್ತೆ.’ ಇದನ್ನು ಕೇಳಿದವರು ಗುಬ್ಬಿ, ಗೀಜಗ ಎಂದು ಹಕ್ಕಿಗಳ ಪಟ್ಟಿ ಶುರು ಮಾಡುತ್ತಾರೆ. ತಪ್ಪುವುದೇ ಅಲ್ಲಿ. ಜನಪದ ಒಗಟಿನಲ್ಲಿ ವೇಷ ಹಾಕುವುದು ನಾಮಪದ. ಕ್ರಿಯಾಪದ, ಬಣ್ಣ, ಜಾಗ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತವೆ. ಹಕ್ಕಿಯನ್ನು ಬಿಟ್ಟು ‘ನೋಡುತ್ತೆ’ಯನ್ನು ಹಿಡಿಯಿರಿ, ಕಣ್ಣು ಸಿಗುತ್ತದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂಬುದರಲ್ಲಿ ಗಿಡ ನಿಜ, ಹಸಿರು ನಿಜ, ಮೊಸರೊಂದೇ ಸುಳ್ಳು. ಅದರ ಬಿಳುಪನ್ನಷ್ಟೇ ಉಳಿಸಿಕೊಂಡರೆ ಮಲ್ಲಿಗೆ. ‘ಸಾಗರ ಪುತ್ರ, ಸಾರಿನ ಮಿತ್ರ’ದಲ್ಲಿ ನಂಟಸ್ತಿಕೆಯನ್ನು ಅಳಿಸಿ ನೋಡಿ: ಉಪ್ಪು.

ಪದದ ಆಟದಲ್ಲಿ ಲೆಕ್ಕ ಬೇರೆ. ‘ಮೂರಕ್ಷರದ ಜಗಳ. ತಲೆ ತೆಗೆದರೆ ಕೊಟ್ಟಿಗೆಯಲ್ಲಿ, ಬಾಲ ತೆಗೆದರೆ ಬಾಗಿಲಲ್ಲಿ.’ ಉತ್ತರ ಕದನ: ದನ, ಕದ. ಇಂಥದ್ದನ್ನು ಕಟ್ಟಲು ಒತ್ತಕ್ಷರವೂ ಗುಣಿತವೂ ಇಲ್ಲದ ಮೂರಕ್ಷರದ ಪದಗಳಿಂದ ಆರಂಭಿಸಿ. ಒಂದೊಂದೇ ಅಕ್ಷರ ಮುಚ್ಚಿ ಓದಿ, ಎರಡು ಕಡೆಯಾದರೂ ಅರ್ಥ ಬಂದರೆ ಇಟ್ಟುಕೊಳ್ಳಿ. ಆಟಕ್ಕೆ ಮೊದಲೇ ಎಣಿಕೆಯನ್ನು ಒಪ್ಪಿಕೊಳ್ಳಿ. ‘ಕತ್ತರಿ’ಯಲ್ಲಿ ಅಕ್ಷರ ಮೂರೇ (ಕ, ತ್ತ, ರಿ); ಒತ್ತನ್ನು ಬೇರೆಯಾಗಿ ಎಣಿಸುವವರು ಒಬ್ಬರಿದ್ದರೂ ಆಟ ವಾದಕ್ಕೆ ತಿರುಗುತ್ತದೆ. ವಿಕಟಕವಿ, ಗದಗ, ನಯನ ತಿರುಗಿಸಿದರೂ ಹಾಗೇ ಇರುವುದು ಸ್ವರ, ವ್ಯಂಜನ ಬಿಡಿಸದೆ ಅಕ್ಷರವನ್ನು ಇಡಿಯಾಗಿ ಎಣಿಸಿದಾಗ ಮಾತ್ರ.

ನೇರ ದಾರಿ ಬಿಟ್ಟು ಬೇರೆ ಮಗ್ಗುಲಿನಿಂದ ಯೋಚಿಸುವುದಕ್ಕೆ ಚಿಂತಕ ಎಡ್ವರ್ಡ್ ಡಿ ಬೊನೊ 1967ರಲ್ಲಿ ‘ಲ್ಯಾಟರಲ್ ಥಿಂಕಿಂಗ್’ ಎಂದು ಹೆಸರಿಟ್ಟ. ಇಂಥ ಅಡ್ಡಯೋಚನೆಯ ಒಗಟುಗಳನ್ನು ಒಬ್ಬರೇ ಕೂತು ಬಿಡಿಸುವುದು ಸಪ್ಪೆ. ನಾಲ್ಕರಿಂದ ಏಳು ಜನ ಸಾಕು. ಉತ್ತರ ಗೊತ್ತಿರುವವರು ಒಬ್ಬರು. ಉಳಿದವರು ಪ್ರಶ್ನೆ ಕೇಳಬೇಕು. ಅವರಿಗೆ ಸಿಗುವುದು ಮೂರೇ ಉತ್ತರ: ಹೌದು, ಅಲ್ಲ, ಸಂಬಂಧವಿಲ್ಲ.

ಒಂದು ಹಳೆಯದು: ಅಂಗಡಿಯಲ್ಲಿ ಒಬ್ಬ ಕೇಳಿದ, ‘ಒಂದಕ್ಕೆ ಎಷ್ಟು?’ ‘10 ರೂಪಾಯಿ.’ ‘ಹನ್ನೆರಡಕ್ಕೆ?’ ‘20.’ ‘ನೂರ ಇಪ್ಪತ್ತಕ್ಕೆ?’ ‘30.’ ಏನು ಕೊಳ್ಳುತ್ತಿದ್ದಾನೆ? ಸಗಟು ಬೆಲೆಯ ರಿಯಾಯಿತಿಯೇ, ತಿನ್ನುವುದೇ ಎಂದು ಕೇಳುತ್ತ ಹೋದರೆ ಇಡೀ ಸಂಜೆ ಕಳೆಯುತ್ತದೆ. ‘ನೂರ ಇಪ್ಪತ್ತು ಎಂದರೆ ಅಷ್ಟು ವಸ್ತುಗಳೇ?’ ಎಂದರೆ ‘ಅಲ್ಲ’. ಬೀಗ ತೆರೆಯಿತು: ಅವನಿಗೆ ಬೇಕಾದದ್ದು ಮನೆ ನಂಬರಿನ ಅಂಕಿಗಳು, ಒಂದೊಂದಕ್ಕೆ 10 ರೂಪಾಯಿ. ಕೇಳಬೇಕಾದದ್ದು ನಾವು ಕೇಳದೇ ಒಪ್ಪಿಕೊಂಡುಬಿಟ್ಟದ್ದನ್ನು.

ನಕಾರದ ಪ್ರಶ್ನೆ ಬೇಡ. ‘ಅವನು ಒಳಗಿರಲಿಲ್ಲವೇ?’ ಎಂದರೆ ‘ಹೌದು’ ಎಂಬ ಉತ್ತರಕ್ಕೆ ಎರಡರ್ಥ, ಇದ್ದ ಎಂದೂ ಇರಲಿಲ್ಲ ಎಂದೂ. ಒಂದೇ ಪ್ರಶ್ನೆಯಲ್ಲಿ ಎರಡು ಸಂಗತಿ ಸೇರಿಸಿದ್ದರೆ ಬಿಡಿಸಿ ಕೇಳಲು ಹೇಳಿ. ಹತ್ತು ನಿಮಿಷ ಮುಂದೆ ಸಾಗದಿದ್ದರೆ ಒಂದು ಸುಳಿವು ಕೊಡಿ. ಇಪ್ಪತ್ತಾದರೆ ಉತ್ತರ ಹೇಳಿಬಿಡಿ.

ಬೇರೆ ಭಾಷೆಯ ಒಗಟನ್ನು ತರುವಾಗಲೇ ಹೆಚ್ಚು ಎಡವುವುದು, ಅದೂ ನಮ್ಮ ಕ್ರಿಯಾಪದದ ದೆಸೆಯಿಂದ. ಗಾಜಿನ ತೊಟ್ಟಿ ಒಡೆದು ಸತ್ತ ಎರಡು ಮೀನುಗಳ ಪ್ರಸಿದ್ಧ ಒಗಟಿದೆ. ಅವಕ್ಕೆ ಮನುಷ್ಯರ ಹೆಸರು. ‘ರಾಜು, ರಾಣಿ ಸತ್ತು ಬಿದ್ದಿದ್ದರು’ ಎಂದರೆ ಕೇಳುಗರಿಗೆ ಮೋಸ, ‘ಬಿದ್ದಿದ್ದವು’ ಎಂದರೆ ಗುಟ್ಟೇ ರಟ್ಟು. ಕ್ರಿಯಾಪದವನ್ನೇ ಕೈಬಿಡಿ: ‘ನೆಲದ ಮೇಲೆ ರಾಜು, ರಾಣಿಯ ಹೆಣ. ಸುತ್ತ ನೀರು, ಗಾಜಿನ ಚೂರು.’

ಕೆಲವೊಮ್ಮೆ ಕನ್ನಡವೇ ಕೈಹಿಡಿಯುತ್ತದೆ. ಅಪಘಾತದಲ್ಲಿ ತಂದೆ ಸತ್ತ. ಗಾಯಗೊಂಡ ಹುಡುಗನನ್ನು ಕಂಡ ಶಸ್ತ್ರವೈದ್ಯರು ‘ಇವನು ನನ್ನ ಮಗ, ಆಪರೇಷನ್ ಮಾಡಲಾರೆ’ ಎಂದರು. ‘ವೈದ್ಯರು’, ‘ಎಂದರು’ ಎಂಬ ಗೌರವದ ಬಹುವಚನ ತಾಯಿಯನ್ನು ಸುಳ್ಳು ಹೇಳದೆಯೇ ಮರೆಮಾಡುತ್ತದೆ. ‘ವೈದ್ಯ’, ‘ಎಂದ’ ಎಂದು ಬಾಯಿ ತಪ್ಪಿತೋ, ಆ ಒಗಟನ್ನು ಅಲ್ಲಿಗೇ ಬಿಟ್ಟು ಬೇರೆಯದನ್ನು ಹಾಕಿ.